ಕಡಲಿನ ಮೀನು ಯಾರದು?

ಮುಂಬಯಿಯ ಸಸೂನ್ ಡಾಕಿಗೆ ಬೆಳಗಿನ ಜಾವದಲ್ಲಿ ಒಮ್ಮೆ ಹೋಗಿ ನಿಂತರೆ ಅಲ್ಲಿಯ ನೋಟ ಬಹುಕಾಲ ಮನಸ್ಸಿನಲ್ಲಿ ಉಳಿಯುತ್ತದೆ. ದಿನಗಟ್ಟಲೆ ಕಡಲಿನಲ್ಲಿದ್ದ ದೋಣಿಗಳು ಒಂದರ ಮಗ್ಗುಲಿಗೊಂದು ಬಂದು ತಂಗಿರುತ್ತವೆ. ಮೀನು ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ಸಾಗುತ್ತವೆ. ಹರಾಜಿನ ಕೂಗು, ಮಂಜುಗಡ್ಡೆ ಒಡೆಯುವ ಸದ್ದು, ಕಾಗೆಗಳ ಗಲಾಟೆ ಎಲ್ಲವೂ ಒಂದರೊಡನೊಂದು ಬೆರೆತಿರುತ್ತವೆ. ನಮ್ಮ ಶಾಲೆಯ ಹಲವು ಮಕ್ಕಳ ಹಿರಿಯರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲತಡಿಯಿಂದ ಈ ನಗರಕ್ಕೆ ಬಂದು ನೆಲಸಿದವರು. ಅಂಥ ಮನೆಗಳಲ್ಲಿ ಬಲೆ, ದೋಣಿ, ಬಂಗುಡೆ, ಬೂತಾಯಿಗಳ ಮಾತು ಹೊಸದೇನೂ ಅಲ್ಲ.

ಆ ಬುಟ್ಟಿಗಳನ್ನು ನೋಡುವಾಗ ಒಂದು ಪ್ರಶ್ನೆ ನಮಗೆ ಹೊಳೆಯಬೇಕು. ಹೊಲದಲ್ಲಿ ಬೆಳೆದ ಜೋಳ ಹೊಲದ ಒಡೆಯನದು. ತೋಟದ ತೆಂಗಿನಕಾಯಿ ತೋಟದವನದು. ಕಡಲಿನ ಮೀನು ಯಾರದು? ಅದನ್ನು ಯಾರೂ ಬಿತ್ತಿಲ್ಲ, ಯಾರೂ ನೀರೆರೆದು ಬೆಳೆಸಿಲ್ಲ. ಕಡಲಿಗೆ ಬೇಲಿಯಿಲ್ಲ, ಬದುವಿಲ್ಲ. ಇಂದು ಒಂದು ದೇಶದ ದಡದ ಬಳಿ ಈಜುವ ಮೀನು ನಾಳೆ ಮತ್ತೊಂದು ದೇಶದ ದಡವನ್ನು ಸೇರಬಹುದು. ಬಲೆ ಬೀಸಿ ಹಿಡಿದವನದೇ ಮೀನು ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ದಡದ ಎದುರಿಗೇ ದೂರದ ದೇಶದ ದೊಡ್ಡ ಹಡಗೊಂದು ಬಂದು ಎಲ್ಲವನ್ನೂ ಬಾಚಿಕೊಂಡು ಹೋದರೆ ನಾವು ಸುಮ್ಮನಿರುವೆವೆ? ಈ ಒಂದು ಪ್ರಶ್ನೆಗಾಗಿ ಸ್ನೇಹಿತ ರಾಷ್ಟ್ರಗಳೇ ಯುದ್ಧನೌಕೆಗಳನ್ನು ಎದುರುಬದುರು ನಿಲ್ಲಿಸಿದ ಪ್ರಸಂಗಗಳು ಚರಿತ್ರೆಯಲ್ಲಿ ಉಂಟು. ಅವುಗಳಲ್ಲಿ ಪ್ರಸಿದ್ಧವಾದ ಒಂದನ್ನು ಇಲ್ಲಿ ವಿವರಿಸಿ, ಅದರಿಂದ ಜಗತ್ತು ಏನನ್ನು ಕಲಿಯಿತು, ಏನನ್ನು ಇನ್ನೂ ಕಲಿಯಬೇಕಾಗಿದೆ ಎಂಬುದನ್ನು ನೋಡೋಣ.

ಫಿರಂಗಿಯ ಗುಂಡು ಹೋಗುವಷ್ಟು ದೂರ

ಸಮುದ್ರ ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರದು ಎಂಬ ವಾದವನ್ನು ಶಾಸ್ತ್ರೀಯವಾಗಿ ಮಂಡಿಸಿದವನು ಹಾಲೆಂಡಿನ ನ್ಯಾಯವೇತ್ತ ಹ್ಯೂಗೋ ಗ್ರೋಷಿಯಸ್. ೧೬೦೯ರಲ್ಲಿ ಅವನು ಬರೆದ ಗ್ರಂಥಕ್ಕೂ ನಮ್ಮ ಹಿಂದೂ ಮಹಾಸಾಗರಕ್ಕೂ ನೇರವಾದ ಸಂಬಂಧವಿದೆ. ಪೂರ್ವದೇಶಗಳ ಸಮುದ್ರಮಾರ್ಗವೆಲ್ಲ ತಮಗೇ ಸೇರಿದ್ದೆಂದು ಪೋರ್ತುಗೀಸರು ಸಾಧಿಸುತ್ತಿದ್ದರು. ಅದನ್ನು ಖಂಡಿಸಿ ಡಚ್ ವರ್ತಕರ ಪರವಾಗಿ ಅವನು ಲೇಖನಿ ಹಿಡಿದನು. ಇದಕ್ಕೆ ಪ್ರತಿಯಾಗಿ, ಸಮುದ್ರಕ್ಕೂ ಒಡೆತನ ಉಂಟು ಎಂದು ಇಂಗ್ಲೆಂಡಿನ ಜಾನ್ ಸೆಲ್ಡನ್ ೧೬೩೫ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದನು.

ಈ ಎರಡು ವಾದಗಳ ನಡುವೆ ಕಾಲಕ್ರಮದಲ್ಲಿ ಒಂದು ರಾಜಿ ಏರ್ಪಟ್ಟಿತು. ದಡದ ಮೇಲಿನ ಫಿರಂಗಿಯ ಗುಂಡು ಎಷ್ಟು ದೂರ ಹೋಗಿ ಬೀಳಬಲ್ಲುದೋ ಅಷ್ಟು ದೂರದ ನೀರು ಆ ದೇಶದ್ದು. ಅದರಾಚೆಯ ಕಡಲು ಎಲ್ಲರದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ ನ್ಯಾಯವೇತ್ತ ಬಿಂಕರ್‌ಶೂಕ್ ಈ ತತ್ತ್ವವನ್ನು ಪ್ರತಿಪಾದಿಸಿದನು. ಮುಂದೆ ಇದೇ ಮೂರು ನಾವಿಕ ಮೈಲಿಗಳ ನಿಯಮವಾಗಿ ರೂಢಿಗೆ ಬಂದಿತು. ಒಂದು ನಾವಿಕ ಮೈಲಿ ಎಂದರೆ ೧,೮೫೨ ಮೀಟರು. ಆದುದರಿಂದ ಮೂರು ಮೈಲಿ ಎಂದರೆ ಸುಮಾರು ಐದೂವರೆ ಕಿಲೋಮೀಟರು.

ಹಾಯಿ ಹಡಗುಗಳ ಕಾಲದಲ್ಲಿ ಈ ಏರ್ಪಾಡು ಸಾಕಾಗಿತ್ತು. ಕಡಲಿನ ಮೀನು ಎಷ್ಟು ಹಿಡಿದರೂ ಮುಗಿಯದ ಅಕ್ಷಯಪಾತ್ರೆ ಎಂದೇ ಜನ ತಿಳಿದಿದ್ದರು. ೧೮೮೩ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕೆಯ ಪ್ರದರ್ಶನದಲ್ಲಿ ಪ್ರಖ್ಯಾತ ವಿಜ್ಞಾನಿ ಥಾಮಸ್ ಹಕ್ಸ್‌ಲಿ ಕೂಡ, ಮಹಾಸಮುದ್ರದ ಮುಖ್ಯ ಮತ್ಸ್ಯ ಸಂಪತ್ತುಗಳು ಬಹುಶಃ ಬರಿದಾಗುವಂಥವಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದನು. ಆದರೆ ಅದೇ ಕಾಲಕ್ಕೆ ಉಗಿಯಂತ್ರದ ಟ್ರಾಲರುಗಳು ಬರತೊಡಗಿದ್ದವು. ಟ್ರಾಲರ್ ಎಂದರೆ ದೊಡ್ಡ ಚೀಲದಂಥ ಬಲೆಯನ್ನು ಉಕ್ಕಿನ ಹಗ್ಗಗಳಿಗೆ ಕಟ್ಟಿ, ಸಮುದ್ರದ ತಳದ ಮೇಲೆ ಎಳೆದುಕೊಂಡು ಹೋಗುವ ಹಡಗು. ಅದಕ್ಕೆ ಗಾಳಿಯ ಹಂಗಿಲ್ಲ, ದೂರದ ಭಯವಿಲ್ಲ. ಹಿಡಿದ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಸಾವಿರ ಮೈಲಿಯಾಚೆಯ ತನ್ನ ಬಂದರಿಗೆ ಒಯ್ಯಬಲ್ಲುದು. ಹೀಗೆ ಒಂದು ದೇಶದ ಮೀನುಗಾರರು ಮತ್ತೊಂದು ದೇಶದ ಹೊಸ್ತಿಲ ಬಳಿ ಬಲೆ ಎಳೆಯುವ ಕಾಲ ಬಂದಿತು.

ಮೀನು ದಡದ ಹತ್ತಿರವೇ ಏಕೆ?

ಸಮುದ್ರ ಇಷ್ಟು ವಿಶಾಲವಾಗಿರುವಾಗ ಎಲ್ಲರೂ ಒಂದೇ ಕಡೆಗೆ ಏಕೆ ನುಗ್ಗಬೇಕು ಎಂದು ನೀವು ಕೇಳಬಹುದು. ಸಮುದ್ರದಲ್ಲಿ ಮೀನು ಎಲ್ಲೆಡೆಯೂ ಸಮನಾಗಿ ಹಂಚಿಹೋಗಿಲ್ಲ. ದಡದಿಂದ ಸ್ವಲ್ಪ ದೂರದವರೆಗೆ ನೆಲವು ನೀರಿನ ಕೆಳಗೆ ಮೆಲ್ಲಗೆ ಇಳಿಜಾರಾಗಿ ಸಾಗಿ, ಆಮೇಲೆ ಥಟ್ಟನೆ ಆಳಕ್ಕೆ ಇಳಿಯುತ್ತದೆ. ಆಳವಿಲ್ಲದ ಈ ಭಾಗವನ್ನು ಭೂಗೋಳದಲ್ಲಿ ಖಂಡಾವರಣ ಪ್ರದೇಶವೆಂದು ಓದಿದ್ದೀರಿ. ಇಲ್ಲಿ ಸೂರ್ಯನ ಬೆಳಕು ನೀರಿನೊಳಕ್ಕೆ ಇಳಿಯುತ್ತದೆ. ನದಿಗಳು ತರುವ ಮತ್ತು ತಳದಿಂದ ಮೇಲೇಳುವ ಲವಣಗಳು ಸೇರುತ್ತವೆ. ಇವುಗಳ ಬಲದಿಂದ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ಸಣ್ಣ ಮೀನೂ ಸಣ್ಣ ಮೀನನ್ನು ದೊಡ್ಡ ಮೀನೂ ತಿಂದು ಬದುಕುತ್ತವೆ. ಆದುದರಿಂದ ನಡುಗಡಲು ಒಂದು ಬಗೆಯ ಮರುಭೂಮಿಯಾದರೆ ದಡದ ಕಡಲು ಫಲವತ್ತಾದ ಗದ್ದೆ ಎನ್ನಬಹುದು. ಉಷ್ಣ ಪ್ರವಾಹವೂ ಶೀತ ಪ್ರವಾಹವೂ ಸಂಧಿಸುವ ಕಡೆಗಳಲ್ಲಂತೂ ಮತ್ಸ್ಯಸಮೃದ್ಧಿ ಇನ್ನೂ ಹೆಚ್ಚು. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಐಸ್‌ಲೆಂಡ್ ದ್ವೀಪದ ಸುತ್ತಲಿನ ಕಡಲು ಅಂಥದು.

ಐಸ್‌ಲೆಂಡಿನ ಬದುಕು

ಐಸ್‌ಲೆಂಡಿನ ವಿಸ್ತೀರ್ಣ ಸುಮಾರು ೧,೦೩,೦೦೦ ಚದರ ಕಿಲೋಮೀಟರು; ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಅಲ್ಲಿ ಉಳುವ ನೆಲ ಅತ್ಯಲ್ಪ. ದೇಶದ ಸುಮಾರು ಹತ್ತರಲ್ಲಿ ಒಂದು ಭಾಗ ಹಿಮನದಿಗಳಿಂದ ಮುಚ್ಚಿದೆ. ಉಳಿದುದರಲ್ಲಿ ಬಹುಭಾಗ ಜ್ವಾಲಾಮುಖಿಗಳು ಉಗುಳಿದ ಕಲ್ಲು ಬೂದಿ. ಗಣಿಯಿಲ್ಲ, ಕಾಡಿಲ್ಲ. ಇರುವುದು ಕಡಲೊಂದೇ. ೧೯೫೦ರ ದಶಕದಲ್ಲಿ ಆ ದೇಶದ ರಫ್ತಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಮೀನು ಮತ್ತು ಮೀನಿನ ಪದಾರ್ಥಗಳೇ ಆಗಿದ್ದವು. ಅದರಲ್ಲಿ ಮುಖ್ಯವಾದುದು ಕಾಡ್ ಎಂಬ ಮೀನು. ಈ ಹೆಸರಿಗೂ ನಮ್ಮ ಮರಗಿಡಗಳ ಕಾಡಿಗೂ ಯಾವ ಸಂಬಂಧವೂ ಇಲ್ಲ! ಅಕ್ಕಿ, ಬಟ್ಟೆ, ಎಣ್ಣೆ, ಯಂತ್ರ, ಪುಸ್ತಕದ ಕಾಗದ ಎಲ್ಲವೂ ಆ ದೇಶಕ್ಕೆ ಹೊರಗಿನಿಂದ ಬರಬೇಕು. ಅವುಗಳ ಬೆಲೆಯನ್ನು ಕಾಡ್ ಮೀನೇ ತೆರಬೇಕು.

೧೯೦೧ರಲ್ಲಿ, ಐಸ್‌ಲೆಂಡ್ ಇನ್ನೂ ಡೆನ್ಮಾರ್ಕಿನ ಆಡಳಿತದಲ್ಲಿದ್ದಾಗ, ಡೆನ್ಮಾರ್ಕು ಬ್ರಿಟನ್ನಿನೊಡನೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಅದರ ಪ್ರಕಾರ ಐಸ್‌ಲೆಂಡಿನ ದಡದಿಂದ ಮೂರು ಮೈಲಿ ಬಿಟ್ಟು ಬ್ರಿಟಿಷ್ ಟ್ರಾಲರುಗಳು ಮೀನು ಹಿಡಿಯಬಹುದಾಗಿತ್ತು. ೧೯೪೪ರ ಜೂನ್ ೧೭ರಂದು ಐಸ್‌ಲೆಂಡ್ ಸ್ವತಂತ್ರ ಗಣರಾಜ್ಯವಾಯಿತು. ಅಷ್ಟು ಹೊತ್ತಿಗೆ ತನ್ನ ಬಲೆಗೆ ಬೀಳುವ ಮೀನು ಕಡಿಮೆಯಾಗುತ್ತಿದೆಯೆಂಬ ಭೀತಿ ಅಲ್ಲಿಯ ಜನರನ್ನು ಹಿಡಿದಿತ್ತು. ರಾಜಕೀಯ ಸ್ವಾತಂತ್ರ್ಯ ಬಂದರೂ ಅನ್ನದ ಬಟ್ಟಲು ಪರರ ಕೈಯಲ್ಲಿದ್ದರೆ ಅದು ಯಾವ ಸ್ವಾತಂತ್ರ್ಯ ಎಂದು ಅವರು ಕೇಳತೊಡಗಿದರು.

ಹಂತಹಂತದ ಹೋರಾಟ

೧೯೫೧ರಲ್ಲಿ ಹಳೆಯ ಒಪ್ಪಂದ ಮುಗಿಯಿತು. ೧೯೫೨ರಲ್ಲಿ ಐಸ್‌ಲೆಂಡ್ ತನ್ನ ಮೀನುಗಾರಿಕೆಯ ಮೇರೆಯನ್ನು ನಾಲ್ಕು ಮೈಲಿಗೆ ಏರಿಸಿತು. ಕೊಲ್ಲಿಗಳ ಬಾಯಿಗೆ ಅಡ್ಡಲಾಗಿ ನೇರ ಗೆರೆ ಎಳೆದು ಅಲ್ಲಿಂದ ಅಳತೆ ಮಾಡಿತು. ಬ್ರಿಟನ್ನಿನ ಟ್ರಾಲರ್ ಮಾಲೀಕರು ಇದರಿಂದ ಕೆರಳಿ ತಮ್ಮ ಬಂದರುಗಳಲ್ಲಿ ಐಸ್‌ಲೆಂಡಿನ ಮೀನನ್ನು ಇಳಿಸಗೊಡದೆ ತಡೆದರು. ಈ ಬಹಿಷ್ಕಾರ ೧೯೫೬ರವರೆಗೆ ನಡೆಯಿತು. ಆದರೆ ಐಸ್‌ಲೆಂಡ್ ಸೋಲಲಿಲ್ಲ. ಅದರ ಮೀನಿಗೆ ಸೋವಿಯತ್ ರಷ್ಯವೂ ಇತರ ದೇಶಗಳೂ ಗಿರಾಕಿಗಳಾದವು.

೧೯೫೮ರ ಸೆಪ್ಟೆಂಬರ್ ೧ರಂದು ಐಸ್‌ಲೆಂಡ್ ತನ್ನ ಮೇರೆಯನ್ನು ಹನ್ನೆರಡು ಮೈಲಿಗೆ ವಿಸ್ತರಿಸಿತು. ಬ್ರಿಟನ್ ಒಪ್ಪದೆ ತನ್ನ ಟ್ರಾಲರುಗಳ ರಕ್ಷಣೆಗೆ ಯುದ್ಧನೌಕೆಗಳನ್ನು ಕಳುಹಿಸಿತು. ಪತ್ರಿಕೆಗಳು ಇದನ್ನು ಕಾಡ್ ಯುದ್ಧವೆಂದು ಕರೆದವು. ಐಸ್‌ಲೆಂಡಿಗೆ ಸೈನ್ಯವೇ ಇರಲಿಲ್ಲ. ಇದ್ದುದು ಕರಾವಳಿ ಕಾವಲಿನ ಕೆಲವೇ ನೌಕೆಗಳು. ಆದರೂ ಬ್ರಿಟನ್ನಿಗೆ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಯುದ್ಧನೌಕೆಗಳ ಕಾವಲು ದೊರೆಯಬೇಕಾದರೆ ಟ್ರಾಲರುಗಳು ಗೊತ್ತುಮಾಡಿದ ಆವರಣದೊಳಗೇ ಬಲೆ ಎಳೆಯಬೇಕು. ಮೀನುಗಳೇನು ನೌಕಾಪಡೆಯ ಅಪ್ಪಣೆಯಂತೆ ಆ ಆವರಣಕ್ಕೆ ಬರುತ್ತವೆಯೆ? ೧೯೬೧ರ ಮಾರ್ಚ್ ೧೧ರಂದು ಒಪ್ಪಂದವಾಗಿ, ಬ್ರಿಟನ್ ಹನ್ನೆರಡು ಮೈಲಿಯ ಮೇರೆಯನ್ನು ಒಪ್ಪಿತು. ಇನ್ನು ಮುಂದೆ ವಿವಾದ ಎದ್ದರೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಮಾತೂ ಅದರಲ್ಲಿ ಸೇರಿತ್ತು.

ಹನ್ನೊಂದು ವರ್ಷಗಳ ತರುವಾಯ, ೧೯೭೨ರ ಸೆಪ್ಟೆಂಬರ್ ೧ರಂದು, ಐಸ್‌ಲೆಂಡ್ ಐವತ್ತು ಮೈಲಿಯ ಮೇರೆಯನ್ನು ಘೋಷಿಸಿತು. ಈ ಸಲ ಅದರ ಕೈಯಲ್ಲಿ ಒಂದು ಹೊಸ ಆಯುಧವಿತ್ತು. ಅದು ತೋಪೂ ಅಲ್ಲ, ಬಂದೂಕವೂ ಅಲ್ಲ. ಲಂಗರಿನಂತೆ ಕಾಣುವ, ಹರಿತವಾದ ಕೊಕ್ಕೆಗಳುಳ್ಳ ಒಂದು ಸಾಧನ. ಕಾವಲು ನೌಕೆ ಅದನ್ನು ನೀರಿನಲ್ಲಿ ಎಳೆಯುತ್ತ ಟ್ರಾಲರಿನ ಹಿಂದಿನಿಂದ ಅಡ್ಡ ಹಾಯುತ್ತಿತ್ತು. ಕೊಕ್ಕೆ ತಗುಲಿ ಬಲೆಯ ಉಕ್ಕಿನ ಹಗ್ಗ ತುಂಡಾದರೆ ಬಲೆಯೂ ಅದರೊಳಗಿನ ಮೀನೂ ಸಮುದ್ರದ ತಳ ಸೇರುತ್ತಿದ್ದವು. ಯಾರ ಪ್ರಾಣಕ್ಕೂ ಗುರಿಯಿಡದೆ ಎದುರಾಳಿಯ ಕೆಲಸವನ್ನು ಮಾತ್ರ ನಿಲ್ಲಿಸುವ ಉಪಾಯ ಇದು. ಬ್ರಿಟನ್ ೧೯೭೩ರ ಮೇ ತಿಂಗಳಲ್ಲಿ ಮತ್ತೆ ನೌಕಾಪಡೆಯನ್ನು ಕಳುಹಿಸಿತು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅಂಥ ಒಂದು ಡಿಕ್ಕಿಯ ನಂತರ ಹಾನಿಗೊಂಡ ತನ್ನ ನೌಕೆಯನ್ನು ಬೆಸೆಯುತ್ತಿದ್ದ ಐಸ್‌ಲೆಂಡಿನ ಇಂಜಿನಿಯರನೊಬ್ಬ ನೀರು ನುಗ್ಗಿ ವಿದ್ಯುತ್ತಿನ ಆಘಾತದಿಂದ ಮೃತನಾದನು. ೧೯೭೩ರ ನವೆಂಬರಿನಲ್ಲಿ ಎರಡು ವರ್ಷಗಳ ತಾತ್ಕಾಲಿಕ ಒಪ್ಪಂದವಾಯಿತು. ಇದರ ನಡುವೆ ಬ್ರಿಟನ್ ನ್ಯಾಯಾಲಯಕ್ಕೆ ಹೋಗಿತ್ತು. ಐಸ್‌ಲೆಂಡ್ ಅಲ್ಲಿ ಹಾಜರಾಗಲೇ ಇಲ್ಲ. ೧೯೭೪ರ ಜುಲೈಯಲ್ಲಿ ಬಂದ ತೀರ್ಪು ಐಸ್‌ಲೆಂಡಿನ ಏಕಪಕ್ಷೀಯ ಘೋಷಣೆ ಬ್ರಿಟನ್ನಿಗೆ ಅನ್ವಯಿಸದೆಂದು ಹೇಳಿತು. ಆದರೆ ಮೀನನ್ನೇ ನಂಬಿದ ಕರಾವಳಿಯ ದೇಶಕ್ಕೆ ಆದ್ಯತೆಯ ಹಕ್ಕು ಉಂಟೆಂಬುದನ್ನೂ ಒಪ್ಪಿ, ಎರಡು ದೇಶಗಳೂ ಕುಳಿತು ಮಾತಾಡಿಕೊಳ್ಳಬೇಕೆಂದಿತು.

ಕೊನೆಯ ಹಾಗೂ ಅತ್ಯಂತ ತೀವ್ರವಾದ ಹಂತ ೧೯೭೫ರ ಅಕ್ಟೋಬರಿನಲ್ಲಿ ಮೊದಲಾಯಿತು. ಐಸ್‌ಲೆಂಡ್ ಈಗ ಇನ್ನೂರು ಮೈಲಿ ಎಂದಿತು. ಮತ್ತೆ ಹಗ್ಗ ಕತ್ತರಿಸುವುದು, ಮತ್ತೆ ಡಿಕ್ಕಿ. ೧೯೭೬ರ ಫೆಬ್ರವರಿ ೧೯ರಂದು ಐಸ್‌ಲೆಂಡ್ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಇವೆರಡೂ ನೇಟೋ ಎಂಬ ಒಂದೇ ರಕ್ಷಣಾಕೂಟಕ್ಕೆ ಸೇರಿದ ರಾಷ್ಟ್ರಗಳೆಂಬುದನ್ನು ಮರೆಯಬಾರದು. ಐಸ್‌ಲೆಂಡಿನ ಕೆಫ್ಲಾವಿಕ್ ಎಂಬಲ್ಲಿ ಅಮೆರಿಕದ ವಾಯುನೆಲೆ ಇತ್ತು; ರಷ್ಯದ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ಕೂಟಕ್ಕೆ ಅದು ಅತ್ಯಗತ್ಯ. ಆ ನೆಲೆಯನ್ನು ಮುಚ್ಚಿಸಬೇಕಾದೀತೆಂಬ ಮಾತು ಕೇಳಿಬಂದಾಗ ಸ್ನೇಹಿತ ರಾಷ್ಟ್ರಗಳೆಲ್ಲ ಸಂಧಾನಕ್ಕೆ ಆತುರಪಟ್ಟವು. ೧೯೭೬ರ ಜೂನ್ ೧ರಂದು ಆಸ್ಲೊ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. ಆರು ತಿಂಗಳವರೆಗೆ ಒಂದು ವೇಳೆಗೆ ೨೪ ಬ್ರಿಟಿಷ್ ಟ್ರಾಲರುಗಳಿಗೆ ಮಾತ್ರ ಅನುಮತಿ. ಅನಂತರ ಅದೂ ಮುಗಿಯಿತು. ಸುಮಾರು ಎರಡು ಲಕ್ಷ ಜನರ ದೇಶ ಐದು ಕೋಟಿಗೂ ಮಿಕ್ಕ ಜನರ ದೇಶದ ಮುಂದೆ ತನ್ನ ಹಟವನ್ನು ಗೆದ್ದಿತ್ತು.

ನಾಣ್ಯದ ಇನ್ನೊಂದು ಮುಖ

ಈ ಕಥೆಯನ್ನು ಕೇಳಿದಾಗ ನಮ್ಮ ಮನಸ್ಸು ಸಹಜವಾಗಿ ಚಿಕ್ಕ ದೇಶದ ಕಡೆಗೆ ಒಲಿಯುತ್ತದೆ. ಆದರೆ ಎದುರಿಗೆ ಇದ್ದವರೂ ದುಡಿದು ತಿನ್ನುವ ಜನರೇ ಎಂಬುದನ್ನು ನ್ಯಾಯದೃಷ್ಟಿಯಿಂದ ನೋಡಬೇಕು. ಹಲ್, ಗ್ರಿಮ್ಸ್‌ಬಿ, ಫ್ಲೀಟ್‌ವುಡ್ ಎಂಬ ಇಂಗ್ಲಿಷ್ ಬಂದರುಗಳ ಕುಟುಂಬಗಳು ತಲೆತಲಾಂತರದಿಂದ ಐಸ್‌ಲೆಂಡಿನ ಕಡಲನ್ನು ನಂಬಿದ್ದವು. ಹಿಮದ ಬಿರುಗಾಳಿಯಲ್ಲಿ, ಹೆಪ್ಪುಗಟ್ಟುವ ಅಲೆಗಳ ನಡುವೆ ಅವರ ದುಡಿಮೆ. ೧೯೬೮ರ ಆರಂಭದಲ್ಲಿ ಕೆಲವೇ ವಾರಗಳ ಅವಧಿಯಲ್ಲಿ ಹಲ್ ಬಂದರಿನ ಮೂರು ಟ್ರಾಲರುಗಳು ಮುಳುಗಿ ೫೮ ಮಂದಿ ಮಡಿದರು. ಆ ದಿನಗಳದೇ ಒಂದು ಬಿರುಗಾಳಿಯಲ್ಲಿ ದಡಕ್ಕೆ ಬಡಿದು ನಿಂತ ಮತ್ತೊಂದು ಬ್ರಿಟಿಷ್ ಟ್ರಾಲರಿನ ೧೮ ಜನರನ್ನು ಐಸ್‌ಲೆಂಡಿನ ಓಡಿನ್ ಎಂಬ ಕಾವಲು ನೌಕೆ ಪ್ರಾಣದ ಹಂಗು ತೊರೆದು ರಕ್ಷಿಸಿತು. ಮುಂದೆ ೧೯೭೦ರ ದಶಕದ ಜಗಳಗಳಲ್ಲಿ ಬ್ರಿಟಿಷ್ ಟ್ರಾಲರುಗಳಿಗೆ ಎದುರಾಗಿ ನಿಂತ ನೌಕೆಗಳಲ್ಲಿ ಇದೂ ಒಂದು. ಇಂದು ಅದು ರೇಕ್ಯಾವಿಕ್ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಸರಕಾರಗಳು ಜಗಳವಾಡುತ್ತಿದ್ದರೂ ಕಡಲಿನ ಮೇಲಿನ ಮನುಷ್ಯರು ಒಬ್ಬರನ್ನೊಬ್ಬರು ಶತ್ರುಗಳೆಂದು ಭಾವಿಸಲಿಲ್ಲ.

೧೯೭೬ರ ಬಳಿಕ ಆ ಇಂಗ್ಲಿಷ್ ಬಂದರುಗಳು ಬರಿದಾದವು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರು ಖಾಯಂ ನೌಕರರಲ್ಲ, ಪ್ರಯಾಣಕ್ಕಿಷ್ಟೆಂದು ದುಡಿದವರು ಎಂಬ ಕಾರಣದಿಂದ ಬಹುಮಂದಿಗೆ ಪರಿಹಾರವೂ ಸಿಕ್ಕಲಿಲ್ಲ. ಬ್ರಿಟಿಷ್ ಸರಕಾರ ಅವರಿಗಾಗಿ ಪರಿಹಾರದ ಯೋಜನೆಯನ್ನು ಪ್ರಕಟಿಸಿದುದು ೨೦೦೦ದಲ್ಲಿ, ಸುಮಾರು ಕಾಲು ಶತಮಾನದ ನಂತರ. ಎಷ್ಟೋ ಜನ ಅಷ್ಟರಲ್ಲಿ ತೀರಿಹೋಗಿದ್ದರು.

ಇನ್ನೂರು ಮೈಲಿಯ ಜಾಗತಿಕ ನಿಯಮ

ಐಸ್‌ಲೆಂಡ್ ಒಂಟಿಯಾಗಿ ಈ ದಾರಿ ಹಿಡಿದಿರಲಿಲ್ಲ. ದಕ್ಷಿಣ ಅಮೆರಿಕದ ಚಿಲಿ, ಪೆರು ದೇಶಗಳು ೧೯೪೭ರಲ್ಲಿಯೇ ಇನ್ನೂರು ಮೈಲಿಯ ಹಕ್ಕನ್ನು ಸಾರಿದ್ದವು. ವಿಶ್ವಸಂಸ್ಥೆಯ ಆಶ್ರಯದಲ್ಲಿ ೧೯೫೮ರಲ್ಲಿಯೂ ೧೯೬೦ರಲ್ಲಿಯೂ ಜಿನೀವದಲ್ಲಿ ಸಮ್ಮೇಳನಗಳು ನಡೆದವು. ಮೇರೆಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ೧೯೭೩ರಲ್ಲಿ ಆರಂಭವಾದ ಮೂರನೆಯ ಸಮ್ಮೇಳನ ಒಂಬತ್ತು ವರ್ಷ ನಡೆದು, ೧೯೮೨ರ ಡಿಸೆಂಬರ್ ೧೦ರಂದು ಜಮೈಕ ದೇಶದ ಮಾಂಟೆಗೊ ಬೇ ಎಂಬಲ್ಲಿ ಸಮುದ್ರ ಕಾನೂನಿನ ಒಡಂಬಡಿಕೆಗೆ ಸಹಿಯಾಯಿತು. ಅದು ೧೯೯೪ರ ನವೆಂಬರ್ ೧೬ರಿಂದ ಜಾರಿಗೆ ಬಂದಿತು.

ಇದರ ಸಾರಾಂಶ ಹೀಗಿದೆ: ದಡದಿಂದ ಹನ್ನೆರಡು ನಾವಿಕ ಮೈಲಿಯವರೆಗಿನ ನೀರು ಪ್ರಾದೇಶಿಕ ಸಮುದ್ರ, ಅಲ್ಲಿ ಆ ದೇಶದ ಸಾರ್ವಭೌಮತ್ವ ನಡೆಯುತ್ತದೆ. ಇನ್ನೂರು ನಾವಿಕ ಮೈಲಿಯವರೆಗೆ, ಎಂದರೆ ಸುಮಾರು ೩೭೦ ಕಿಲೋಮೀಟರಿನವರೆಗೆ, ಅನನ್ಯ ಆರ್ಥಿಕ ವಲಯ. ಅಲ್ಲಿ ಎಲ್ಲ ದೇಶಗಳ ಹಡಗುಗಳೂ ಸಂಚರಿಸಬಹುದು. ಆದರೆ ಮೀನಿನ ಮೇಲೆಯೂ ತಳದ ಸಂಪತ್ತಿನ ಮೇಲೆಯೂ ಹಕ್ಕು ಕರಾವಳಿಯ ದೇಶದ್ದು. ಅದರಾಚೆಗೆ ಮುಕ್ತ ಸಾಗರ. ಎರಡು ದೇಶಗಳ ವಲಯಗಳು ಒಂದರ ಮೇಲೊಂದು ಬಿದ್ದರೆ ಪರಸ್ಪರ ಒಪ್ಪಂದದಿಂದ ನ್ಯಾಯವಾಗಿ ಹಂಚಿಕೊಳ್ಳಬೇಕು. ಭಾರತವು ೧೯೭೬ರ ಕಾಯಿದೆಯ ಮೂಲಕ ಇದೇ ತತ್ತ್ವವನ್ನು ಅಂಗೀಕರಿಸಿತು. ಅಷ್ಟೇ ಏಕೆ, ಐಸ್‌ಲೆಂಡನ್ನು ವಿರೋಧಿಸಿದ್ದ ಬ್ರಿಟನ್ ತಾನೂ ೧೯೭೭ರ ಜನವರಿ ೧ರಿಂದ ಇನ್ನೂರು ಮೈಲಿಯ ಮೀನುಗಾರಿಕೆಯ ಮೇರೆಯನ್ನು ಹಾಕಿಕೊಂಡಿತು!

ಗೆರೆ ಎಳೆದರೆ ಸಾಕೆ?

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಗೆರೆಯು ಮೀನು ಯಾರದೆಂಬುದನ್ನು ತೀರ್ಮಾನಿಸುತ್ತದೆ. ಮೀನು ಉಳಿಯುವುದೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಇದಕ್ಕೆ ಕೆನಡದ ಉದಾಹರಣೆ ಕಣ್ಣು ತೆರೆಸುವಂತಿದೆ. ೧೯೭೭ರಲ್ಲಿ ಅದು ಇನ್ನೂರು ಮೈಲಿಯ ಮೇರೆ ಹಾಕಿ ಪರದೇಶದ ಹಡಗುಗಳಲ್ಲಿ ಬಹಳಷ್ಟನ್ನು ಹೊರಕ್ಕೆ ಕಳುಹಿಸಿತು. ಆದರೆ ತನ್ನದೇ ಟ್ರಾಲರುಗಳನ್ನು ಹೆಚ್ಚಿಸಿಕೊಂಡು ಮಿತಿಮೀರಿ ಹಿಡಿಯಿತು. ೧೯೯೨ರ ಜುಲೈಯಲ್ಲಿ ನ್ಯೂಫೌಂಡ್‌ಲೆಂಡಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಲೇಬೇಕಾಯಿತು. ಹಿಡಿಯಲು ಮೀನೇ ಉಳಿದಿರಲಿಲ್ಲ. ಸುಮಾರು ಮೂವತ್ತು ಸಾವಿರ ಜನರ ಜೀವನೋಪಾಯ ಒಮ್ಮೆಗೇ ನಿಂತುಹೋಯಿತು. ಆ ನಿಷೇಧವನ್ನು ಸಡಿಲಿಸಿದುದು ೨೦೨೪ರಲ್ಲಿ.

ಐಸ್‌ಲೆಂಡ್ ಕೂಡ ಬ್ರಿಟಿಷರನ್ನು ಹೊರಗೆ ಕಳುಹಿಸಿದ ಮೇಲೆ ಅದೇ ಅಪಾಯದ ಅಂಚಿಗೆ ಬಂದಿತ್ತು. ಕಾಡ್ ಮೀನು ಮತ್ತೆ ಕಡಿಮೆಯಾಗತೊಡಗಿದಾಗ ೧೯೮೪ರಿಂದ ಅದು ಪ್ರತಿ ದೋಣಿಗೂ ವರ್ಷಕ್ಕಿಷ್ಟೇ ಎಂಬ ಪಾಲನ್ನು ಗೊತ್ತುಪಡಿಸಿತು. ಹೊರಗಿನವರನ್ನು ತಡೆಯಲು ಇಪ್ಪತ್ತನಾಲ್ಕು ವರ್ಷ ಹೋರಾಡಿದ ಜನ ಕೊನೆಗೆ ತಮ್ಮ ಕೈಯನ್ನೂ ತಾವೇ ಹಿಡಿದು ನಿಲ್ಲಿಸಬೇಕಾಯಿತು. ಇನ್ನೊಂದು ಸೋಜಿಗವನ್ನು ಕೇಳಿ. ನಮ್ಮ ಬಂಗುಡೆಯ ಬಂಧುವಾದ ಅಟ್ಲಾಂಟಿಕ್ ಬಂಗುಡೆ ಈ ಶತಮಾನದ ಮೊದಲ ದಶಕದಲ್ಲಿ ಉತ್ತರದ ಕಡೆಗೆ ಸರಿದು ಐಸ್‌ಲೆಂಡಿನ ವಲಯವನ್ನು ಹೊಕ್ಕಿತು. ಐಸ್‌ಲೆಂಡ್ ಅದನ್ನು ಹಿಡಿಯತೊಡಗಿದಾಗ, ಇದು ನಮ್ಮ ಮೀನು ಎಂದು ನಾರ್ವೆಯೂ ಐರೋಪ್ಯ ಒಕ್ಕೂಟವೂ ಆಕ್ಷೇಪಿಸಿದವು. ಗೆರೆಯನ್ನು ಮನುಷ್ಯರು ಓದಬಲ್ಲರು. ಮೀನಿಗೆ ಅಕ್ಷರ ಬಾರದು.

ನಮ್ಮ ಕಡಲಿನಲ್ಲಿ

ಈಗ ನಮ್ಮ ನೆರೆಯ ಕಡಲನ್ನು ನೋಡೋಣ. ಅಟ್ಲಾಂಟಿಕ್ ಸಾಗರದಲ್ಲಿ ಇನ್ನೂರು ಮೈಲಿ ಅಳೆಯಲು ಎಡೆಯುಂಟು. ಭಾರತ ಮತ್ತು ಶ್ರೀಲಂಕಗಳ ನಡುವೆ ಅಷ್ಟು ನೀರೇ ಇಲ್ಲ. ಧನುಷ್ಕೋಡಿಯಿಂದ ತಲೈಮನ್ನಾರಿಗೆ ಇರುವ ಅಂತರ ಸುಮಾರು ೩೦ ಕಿಲೋಮೀಟರು ಮಾತ್ರ. ಆದುದರಿಂದ ಎರಡು ಸರಕಾರಗಳು ೧೯೭೪ರಲ್ಲಿಯೂ ೧೯೭೬ರಲ್ಲಿಯೂ ಒಪ್ಪಂದ ಮಾಡಿಕೊಂಡು ನೀರಿನ ಮೇಲೆ ಗಡಿಯನ್ನು ಗುರುತಿಸಿದವು. ಕಚ್ಚತೀವು ಎಂಬ ನಿರ್ಜನವಾದ ಪುಟ್ಟ ದ್ವೀಪ ೧೯೭೪ರ ಗೆರೆಯಿಂದ ಶ್ರೀಲಂಕದ ಕಡೆಗೆ ಸೇರಿತು. ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಬಾರದೆಂದು ೧೯೭೬ರಲ್ಲಿ ಪತ್ರಗಳ ಮೂಲಕ ನಿಶ್ಚಯವಾಯಿತು.

ಎರಡು ದಡಗಳಲ್ಲಿಯೂ ತಮಿಳು ಮಾತಾಡುವ ಮೀನುಗಾರರೇ ಇದ್ದಾರೆ. ತಲೆಮಾರುಗಳಿಂದ ಅದೇ ಕೊಲ್ಲಿಯಲ್ಲಿ ಇಬ್ಬರೂ ಬಲೆ ಬೀಸಿದವರು. ೧೯೮೩ರಿಂದ ೨೦೦೯ರವರೆಗೆ ಶ್ರೀಲಂಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಅಲ್ಲಿಯ ಉತ್ತರ ಭಾಗದ ಮೀನುಗಾರರು ಬಹುಮಟ್ಟಿಗೆ ಕಡಲಿಗೆ ಇಳಿಯದಂತಾದರು. ನಮ್ಮ ಕಡೆಯ ಟ್ರಾಲರುಗಳು ಆ ನೀರಿಗೆ ಹೋಗುವುದು ರೂಢಿಯಾಯಿತು. ಯುದ್ಧ ಮುಗಿದು ಅವರು ಮತ್ತೆ ಸಣ್ಣ ದೋಣಿಗಳಲ್ಲಿ ಹೊರಟಾಗ, ರಾತ್ರಿ ಬಿಟ್ಟ ಬಲೆಗಳು ಬೆಳಗಾಗುವುದರೊಳಗೆ ಟ್ರಾಲರುಗಳಿಗೆ ಸಿಕ್ಕಿ ಹರಿದುಹೋಗುತ್ತಿದ್ದವು. ತಳವನ್ನು ಗೋರುವ ಟ್ರಾಲ್ ಬಲೆಯನ್ನು ಶ್ರೀಲಂಕ ೨೦೧೭ರಲ್ಲಿ ನಿಷೇಧಿಸಿತು. ಇತ್ತ ತಮಿಳುನಾಡಿನ ಮೀನುಗಾರರ ಸಂಕಟವೂ ಸಣ್ಣದಲ್ಲ. ಗಡಿ ದಾಟಿದವರ ಬಂಧನವಾಗುತ್ತದೆ, ದೋಣಿಗಳು ಜಪ್ತಿಯಾಗುತ್ತವೆ. ಗುಂಡಿಗೆ ಬಲಿಯಾದವರೂ ಉಂಟು. ಸಾಲ ಮಾಡಿ ಕೊಂಡ ದೋಣಿ ಹೋದರೆ ಆ ಮನೆಯ ಗತಿ ಏನು?

ಪಶ್ಚಿಮದಲ್ಲಿ ಗುಜರಾತು ಮತ್ತು ಪಾಕಿಸ್ತಾನಗಳ ನಡುವಿನ ಸರ್ ಕ್ರೀಕ್ ಎಂಬ ಹಿನ್ನೀರಿನ ಬಳಿ ಕಡಲಿನ ಗಡಿ ಒಪ್ಪಂದವಾಗದೆ ಉಳಿದಿದೆ. ಅಲ್ಲಿ ಎರಡು ದೇಶಗಳ ಮೀನುಗಾರರೂ ತಿಳಿದೋ ತಿಳಿಯದೆಯೋ ಆಚೆಗೆ ಸರಿದು ಸೆರೆ ಸೇರುತ್ತಾರೆ. ೨೦೦೮ರ ಒಪ್ಪಂದದಂತೆ ಪ್ರತಿ ವರ್ಷ ಜನವರಿ ೧ ಮತ್ತು ಜುಲೈ ೧ರಂದು ಎರಡು ಸರಕಾರಗಳೂ ತಮ್ಮಲ್ಲಿರುವ ಕೈದಿಗಳ ಪಟ್ಟಿಯನ್ನು ಬದಲಾಯಿಸಿಕೊಳ್ಳುವುದು ಗೊತ್ತಾಗಿದೆ. ಆ ಪಟ್ಟಿಯಲ್ಲಿ ಮೀನುಗಾರರ ಹೆಸರುಗಳೂ ಇರುತ್ತವೆ. ಅನನ್ಯ ಆರ್ಥಿಕ ವಲಯದಲ್ಲಿ ಸಿಕ್ಕಿಬಿದ್ದ ಪರದೇಶದ ಮೀನುಗಾರರನ್ನು ತಕ್ಕ ಜಾಮೀನು ಪಡೆದು ಬೇಗನೆ ಬಿಡಬೇಕು, ಬೇರೆ ಒಪ್ಪಂದ ಇಲ್ಲದಿದ್ದರೆ ಅವರಿಗೆ ಸೆರೆವಾಸ ವಿಧಿಸಬಾರದು ಎಂದು ಸಮುದ್ರ ಕಾನೂನು ಹೇಳುತ್ತದೆ. ಆದರೆ ಈ ಸೌಮ್ಯ ನಿಯಮ ದಡಕ್ಕೆ ಸಮೀಪವಾದ ನೀರಿಗೆ ಅನ್ವಯಿಸದು.

ಹಾಗಾದರೆ ಪರಿಹಾರವೇ ಇಲ್ಲವೆ? ಉಂಟು. ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಇದ್ದ ವಿವಾದವನ್ನು ಒಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ೨೦೧೪ರ ಜುಲೈಯಲ್ಲಿ ತೀರ್ಮಾನಿಸಿತು. ವಿವಾದದಲ್ಲಿದ್ದ ೨೫,೬೦೨ ಚದರ ಕಿಲೋಮೀಟರಿನಲ್ಲಿ ೧೯,೪೬೭ ಬಾಂಗ್ಲಾದೇಶಕ್ಕೆ ಸಂದಿತು. ದೊಡ್ಡ ದೇಶವಾದ ಭಾರತ ಆ ತೀರ್ಪನ್ನು ಗೌರವದಿಂದ ಒಪ್ಪಿತು. ಅದೇ ವರ್ಷ ಚೆನ್ನೈಯಲ್ಲಿಯೂ ಕೊಲಂಬೊವಿನಲ್ಲಿಯೂ ಭಾರತ, ಶ್ರೀಲಂಕಗಳ ಮೀನುಗಾರರ ಪ್ರತಿನಿಧಿಗಳು ಎದುರುಬದುರು ಕುಳಿತು ಮಾತಾಡಿದರು. ಪೂರ್ಣ ಒಮ್ಮತ ದೊರೆಯಲಿಲ್ಲ. ಆದರೂ ಹರಿದ ಬಲೆಯ ನೋವನ್ನು ಬಲೆ ಹೆಣೆಯುವವನಿಗೆ ವಿವರಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಮಳೆಗಾಲದ ಎರಡು ತಿಂಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಯಮವಿದೆ. ಆಗ ಪೇಟೆಯಲ್ಲಿ ಮೀನಿನ ಬೆಲೆ ಏರಿತೆಂದು ಮನೆಯಲ್ಲಿ ಹಿರಿಯರು ಗೊಣಗುವುದನ್ನು ನೀವು ಕೇಳಿರಬಹುದು. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದು. ಆ ಎರಡು ತಿಂಗಳ ತಾಳ್ಮೆಯಲ್ಲಿ ಮುಂದಿನ ಹತ್ತು ತಿಂಗಳ ಅನ್ನವಿದೆ. ಕಡಲಿನ ಮೀನು ಯಾರದು ಎಂದು ನಾವು ಮೊದಲಿಗೆ ಕೇಳಿದೆವು. ಕಾನೂನು ಅದಕ್ಕೆ ಮೈಲಿಗಳ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ಅವಶ್ಯವೂ ಹೌದು, ಏಕೆಂದರೆ ಅದಿಲ್ಲದೆ ಬಲಿಷ್ಠನದೇ ನ್ಯಾಯವಾಗುತ್ತದೆ. ಆದರೆ ಐಸ್‌ಲೆಂಡಿನವರೂ ಕೆನಡದವರೂ ಕಷ್ಟದಿಂದ ಕಲಿತ ಪಾಠ ಇನ್ನೊಂದಿದೆ: ಇಂದು ಹಿಡಿಯುವವನಷ್ಟೇ ನಾಳೆ ಹಿಡಿಯಬೇಕಾದವನೂ ಆ ಮೀನಿಗೆ ಹಕ್ಕುದಾರ. ನೀವು ದೊಡ್ಡವರಾದ ಮೇಲೆ ಕಾನೂನು ಮಾಡುವವರಾಗಬಹುದು, ವಿಜ್ಞಾನಿಗಳಾಗಬಹುದು, ದೋಣಿಯ ಒಡೆಯರೂ ಆಗಬಹುದು. ಆಗ ನೆರೆಯ ದೇಶದ ದಡದಲ್ಲಿಯೂ ಹರಿದ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಹೆಣೆಯುವವನೊಬ್ಬ ಕುಳಿತಿದ್ದಾನೆಂಬುದನ್ನು ನೆನೆದರೆ ಈ ಲೇಖನವನ್ನು ಓದಿದುದು ಸಾರ್ಥಕ.